ಸಪ್ತಾಪುರದ ಬೀದಿಯಲ್ಲಿ ಸಂವಿಧಾನ

ವರ್ಷವಿಡೀ ‘ಬೀದಿ ಸುತ್ತಿ ವಿಧಿ ಕಲಿಯುತ್ತಾನಂತೆ’ ಎಂದು ನಕ್ಕ ರೂಮಿನ ಗೆಳೆಯರೇ, ಪರೀಕ್ಷೆಯ ಸಂವಿಧಾನದ ಪ್ರಶ್ನೆಗಳಲ್ಲಿ ನನಗೆ ಒಂದೋ ಎರಡೋ ಮಾತ್ರ ತಪ್ಪಿದ ಮೇಲೆ ವಿಧಾನ ಹೇಳಿಕೊಡು ಎಂದು ಬಂದಿದ್ದಾರೆ. ಮೂಲಪಾಠ ಇಷ್ಟೇ: ನೆನಪಿಡಬೇಕಾದ ಪ್ರತಿ ವಿಧಿಗೂ ಒಂದು ಚಿತ್ರ ಮಾಡಿ, ಅದನ್ನು ಪರಿಚಿತ ಜಾಗದ ಒಂದೊಂದು ಗುರುತಿನಲ್ಲಿ ಮನಸ್ಸಿನಲ್ಲೇ ಇಟ್ಟು, ಬೇಕಾದಾಗ ಆ ದಾರಿಯಲ್ಲಿ ನಡೆದು ನೋಡುವುದು.

ಮೊದಲು ದುಡ್ಡು ಹೋದ ಕತೆ. ಬೆಂಗಳೂರಿನಲ್ಲಿ ನಡೆದ ಸ್ಮರಣಶಕ್ತಿ ಶಿಬಿರವೊಂದಕ್ಕೆ ನಾಲ್ಕೂವರೆ ಸಾವಿರ ಕಟ್ಟಿದೆ. ಬಸ್ಸು, ಊಟ ಸೇರಿ ಆರು ಸಾವಿರದ ಹತ್ತಿರ ಬಂತು, ಅಂದರೆ ನನ್ನ ಎರಡು ತಿಂಗಳ ರೂಮ್ ಬಾಡಿಗೆ. ಅಂಕಿಗೊಂದು ಇಂಗ್ಲಿಷ್ ಪದದ ಪಟ್ಟಿ ಕೊಟ್ಟು, ಅರಮನೆಯೊಂದನ್ನು ಕಲ್ಪಿಸಿಕೊಳ್ಳಿ ಎಂದರು. ನಾನು ಮೈಸೂರು ಅರಮನೆಯನ್ನೇ ಹಿಡಿದೆ. ದರ್ಬಾರ್ ಹಾಲಿನ ಕಂಬಗಳೆಲ್ಲ ಒಂದೇ ತೆರನಾಗಿವೆ. 19ನೆಯ ವಿಧಿಯನ್ನು ಯಾವ ಕಂಬಕ್ಕೆ ಒರಗಿಸಿದ್ದೆನೋ ದೇವರೇ ಬಲ್ಲ. ಊರಿನ ಮನೆಗೆ ಬಂದೆ. ಪಡಸಾಲೆ, ದೇವರ ಗೂಡು, ಹಗೇವು, ಕೊಟ್ಟಿಗೆ ಎಲ್ಲ ಎಣಿಸಿದರೂ ಇಪ್ಪತ್ತೈದು ಜಾಗ ದಾಟಲಿಲ್ಲ. ಧಾರವಾಡದ ಸಾಧನಕೇರಿಯ ದಂಡೆಯನ್ನೂ ಬಿಡಲಿಲ್ಲ. ಓಡಾಡಲು ಹಿತವಾದ ಜಾಗ, ಆದರೆ ಚಿತ್ರ ತೂಗುಹಾಕಲು ಗೂಟವಿಲ್ಲದ ಬಯಲು.

ಕೊನೆಗೆ ಗಿಟ್ಟಿದ್ದು ಅದೇ ಧಾರವಾಡದ ಸಪ್ತಾಪುರದ ನನ್ನ ರೂಮಿನಿಂದ ಜುಬಿಲಿ ವೃತ್ತದವರೆಗಿನ ದಾರಿ. ಜೆರಾಕ್ಸ್ ಅಂಗಡಿ, ಗಿರ್ಮಿಟ್ ಗಾಡಿ, ಟೇಲರ್ ಕುಳಿತ ಕಟ್ಟೆ, ಹೀಗೆ ನೂರಕ್ಕೂ ಹೆಚ್ಚು ಗುರುತುಗಳು ಸಿಕ್ಕವು. ಎರಡು ಅಂಗಡಿ ರಸ್ತೆ ಅಗಲೀಕರಣದಲ್ಲಿ ಹೋದವು. ನನ್ನ ತಲೆಯಲ್ಲಿ ಇನ್ನೂ ವ್ಯಾಪಾರ ನಡೆಸುತ್ತಿವೆ.

ಜಾಗ ಸಿಕ್ಕಿತು, ಆದರೆ ಅಂಕಿಗೆ ಮುಖ ಎಲ್ಲಿಂದ ತರುವುದು? ಇಂಗ್ಲಿಷ್ ಪಟ್ಟಿ ನನ್ನ ನಾಲಿಗೆಗೆ ಹತ್ತಲಿಲ್ಲ. ಒಂದೊಂದು ವ್ಯಂಜನಕ್ಕೂ ಒಂದು ಅಂಕಿ ಕೊಟ್ಟು ಸಂಖ್ಯೆಯನ್ನು ಪದವಾಗಿಸುವ ನಮ್ಮ ಹಳೆಯ ಕಟಪಯಾದಿಯೇ ಕೈ ಹಿಡಿಯಿತು. ಮೇಚಕಲ್ಯಾಣಿ ರಾಗ (ಮೇ ಎಂದರೆ 5, ಚ ಎಂದರೆ 6) 65ನೆಯ ಮೇಳ ಎಂದು ಸಂಗೀತದವರು ಅಕ್ಷರದಿಂದಲೇ ಹೇಳುತ್ತಾರಲ್ಲ, ಅದೇ ಲೆಕ್ಕ. ಅವರು ಬಲದಿಂದ ಎಡಕ್ಕೆ ಓದುತ್ತಾರೆ. ನಾನು ಎಡದಿಂದಲೇ ಓದುತ್ತೇನೆ. ಪರಿಚಯದ ಸಂಗೀತದ ಮೇಷ್ಟ್ರು ಇದಕ್ಕೆ ಸಿಟ್ಟಾದರು. ಪರೀಕ್ಷೆ ಬರೆಯುವವನು ನಾನು.

ಹಾಗೆ ಓದಿದರೆ ‘ಕಸ’ 17: ಅಸ್ಪೃಶ್ಯತೆಯನ್ನು ಗುಡಿಸಿ ಗಾಡಿಗೆ ಹಾಕಿದೆ. ‘ರೊಟ್ಟಿ’ 21: ಜೀವಿಸುವ ಹಕ್ಕು, ಖಾನಾವಳಿಯ ಬಾಗಿಲಲ್ಲಿ. ಹೋಟೆಲಿನಲ್ಲಿ ‘ರವೆ’ ಹುರಿಯುವ ಪುಟ್ಟ ಹುಡುಗ 24, ಬಾಲಕಾರ್ಮಿಕರ ವಿಧಿ. ‘ಕರ್ಪೂರ’ 112: ಬಜೆಟ್, ಹಚ್ಚಿದ ಕೂಡಲೇ ಮುಗಿಯುತ್ತದೆ. ರಾತ್ರಿ ಹೊರಡುವ ‘ಕರಗ’ 123, ರಾಷ್ಟ್ರಪತಿಯ ಸುಗ್ರೀವಾಜ್ಞೆ. ಹಣಕಾಸು ಆಯೋಗದ 280ಕ್ಕೆ ‘ರಜನಿ’, ಬೆಂಗಳೂರಿನ ಕಂಡಕ್ಟರ್ ಆಗಿದ್ದಾಗಿನ ವೇಷದಲ್ಲಿ, ರಾಜ್ಯಗಳಿಗೆ ಚಿಲ್ಲರೆ ಹಂಚುತ್ತಾ. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ 356 ‘ಗಮ್ಮತ್ತು’ ಎಂದು ಬಂದಾಗ ಒಬ್ಬನೇ ನಕ್ಕೆ. 1989ರಲ್ಲಿ ಬೊಮ್ಮಾಯಿ ಸರ್ಕಾರ ವಜಾ ಆದದ್ದು, 1994ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು, ಎರಡೂ ಅದೇ ಜಾಗದಲ್ಲಿವೆ. 371ಕ್ಕೆ ‘ಲಸಿಕೆ’, ಕಲಬುರಗಿಯ ಲಸಿಕೆ ಶಿಬಿರದಲ್ಲಿ ಜಿಲೇಬಿ ಹಂಚಿದರೆ ಕಲ್ಯಾಣ ಕರ್ನಾಟಕದ ವಿಶೇಷ ಸ್ಥಾನಮಾನದ 371ಜೆ.

ಎಲ್ಲವೂ ಹೀಗೆ ಸಲೀಸಾಗಿರಲಿಲ್ಲ. ಚುನಾವಣಾ ಆಯೋಗದ 324ಕ್ಕೆ ‘ಗೌರವ’ ಎಂಬ ಒಳ್ಳೆಯ ಪದ ಸಿಕ್ಕಿತು, ಆದರೆ ಗೌರವವನ್ನು ಬೀದಿಯಲ್ಲಿ ನಿಲ್ಲಿಸುವುದು ಹೇಗೆ? ಶಾಲು ಹೊದಿಸಿದೆ. ವಾರದ ನಂತರ ಶಾಲು ಮಾತ್ರ ನೆನಪಿತ್ತು, ಲೆಕ್ಕ 53 ಎಂದು ಬಂತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) 148ಕ್ಕೆ ‘ಕವುದಿ’, ತೇಪೆ ತೇಪೆ ಬಿಡಿಸಿ ನೋಡುವವರಿಗೆ ತಕ್ಕದ್ದೇ. ಅದನ್ನೇ ‘ಕೌದಿ’ ಎಂದು ಓದಿದರೆ 18 ಆಗಿ ಬಿರುದುಗಳ ರದ್ದತಿಗೆ ಹೋಗುತ್ತದೆ. ಈಗ ಆ ಕವುದಿಗೆ ಒಂದು ಗುರುತು ಹೊಲಿದಿದ್ದೇನೆ. ಉಪವಿಧಿಗಳನ್ನು ಎಲ್ಲಿ ಸಿಕ್ಕಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ಮುಂದಿನ ಪರೀಕ್ಷೆಗೆ ನಾನೂ ಕೂರುವವನಿದ್ದೇನೆ.

ನಡುವೆ ಎಂದೂ ಹೋಗದ ಊರೊಂದರ ಬೀದಿಯನ್ನು ಮೊಬೈಲಿನ ನಕ್ಷೆಯಲ್ಲಿ ನೋಡಿ ಜಾಗ ಮಾಡಿಕೊಂಡೆ. ಮೂರ್ನಾಲ್ಕು ದಿನಕ್ಕೆ ಅಳಿಸಿಹೋಯಿತು. ಕಾಲು ತುಳಿಯದ ದಾರಿ ನನಗಂತೂ ನಿಲ್ಲದು. ದಾರಿಯನ್ನು ಹಿಂದುಮುಂದಾಗಿ ನಡೆದರೆ ಎರಡನೆಯ ಪಟ್ಟಿ ಹಿಡಿಸಬಹುದೆಂದು ನೋಡಿದೆ. ಎರಡೂ ಕಲಸಿಹೋದವು, ಬಿಡಿಸಲು ಹದಿನೈದು ದಿನ ಬೇಕಾಯಿತು.

ತಿದ್ದುಪಡಿಗಳಿಗೆ ಹುಬ್ಬಳ್ಳಿಯ ಬಸ್ ದಾರಿ ಕೊಟ್ಟಿದ್ದೇನೆ. ಪಕ್ಷಾಂತರ ನಿಷೇಧದ 52 ‘ಮರ’, ಕೊಂಬೆಯಿಂದ ಕೊಂಬೆಗೆ ಹಾರುವ ಮಂಗಗಳ ಸಮೇತ. ಮತದಾನದ ವಯಸ್ಸು 18ಕ್ಕೆ ಇಳಿಸಿದ 61 ‘ತಾಯಿ’; ಮಗನನ್ನು ಮತಗಟ್ಟೆಗೆ ಕರೆದೊಯ್ಯುತ್ತಾಳೆ. ಪಂಚಾಯಿತಿಗಳ 73 ‘ಸಾಲ’, ವಿವರಣೆ ಬೇಡ. ಜಿಎಸ್‌ಟಿಯ 101 ‘ಕನಕ’.

ಆಸ್ತಿ ಹಕ್ಕಿನ 300ಎ ಒಂದು ಕಾಡುತ್ತಿದೆ. ಮೂರರ ಮುಂದೆ ಎರಡು ಸೊನ್ನೆಗೆ ಒಳ್ಳೆಯ ಕನ್ನಡ ಪದ ಸಿಕ್ಕಿಲ್ಲ. ಸದ್ಯಕ್ಕೆ ಹಣ್ಣಿನ ಗಾಡಿಯ ಮೇಲೆ ‘ಬನಾನಾ’ ಎಂದು ಇಟ್ಟಿದ್ದೇನೆ. ಯಾರಿಗಾದರೂ ಬೇರೆ ಹೊಳೆದರೆ ತಿಳಿಸಿ.