ಟಿಕೆಟ್ ಎಲ್ಲಿಗೆ? ವಿಭಕ್ತಿ ಕಲಿಸಲು ಬಸ್ಸಿನ ಆಟ

ಕೈಗಾ ಸ್ಥಾವರಕ್ಕೂ ಸೀಬರ್ಡ್ ನೌಕಾನೆಲೆಗೂ ಕೆಲಸಕ್ಕೆಂದು ಬಂದ ಹೊರರಾಜ್ಯದವರಿಗೆ ಕಾರವಾರದಲ್ಲಿ ಕನ್ನಡ ಹೇಳಿಕೊಡುವಾಗ ದಿನವೂ ಕಿವಿಗೆ ಬೀಳುವ ವಾಕ್ಯ: ‘ನಾನು ಶಿರಸಿ ಹೋಗುತ್ತೇನೆ.’ ಹಿಂದಿಯಲ್ಲಿ ಹೋಗುವ ಊರಿಗೆ ಪ್ರತ್ಯಯ ಹಚ್ಚುವುದಿಲ್ಲ, ಆ ರೂಢಿ ಇಲ್ಲಿಗೂ ಬರುತ್ತದೆ. ಮನೆಮಾತು ಕೊಂಕಣಿಯಾದ ಮಕ್ಕಳ ತೊಡಕು ಬೇರೆ. ಘರಾಕ್, ಶಾಳೆಕ್ ಎಂದು ರೂಢಿಯಾದ ನಾಲಿಗೆ ಸಲೀಸಾಗಿ ‘ಶಿರಸಿಕ್ಕೆ’ ಎನ್ನುತ್ತದೆ. ಇಬ್ಬರಿಗೂ ನಾನು ಆಡಿಸುವುದು ಒಂದೇ ಆಟ.

ಮೊದಲು ಕುರ್ಚಿಗಳನ್ನು ಬಸ್ಸಿನಂತೆ ಜೋಡಿಸಿ, ಒಬ್ಬರ ಹೆಗಲಿಗೆ ಚೀಲ ಹಾಕಿ ಕಂಡಕ್ಟರ್ ಮಾಡಿ, ಖಾಲಿ ಚೀಟಿಗಳನ್ನು ಕೊಡಿ. ಕಂಡಕ್ಟರ್ ‘ಎಲ್ಲಿಗೆ?’ ಎಂದಾಗ ಊರಿನ ಹೆಸರನ್ನು ಸರಿಯಾದ ಪ್ರತ್ಯಯ ಹಚ್ಚಿ ಹೇಳಿದವರಿಗೆ ಚೀಟಿ ಹರಿದು ಟಿಕೆಟ್ ಕೊಡಬೇಕು.

ಎರಡನೆಯದು ಊರುಗಳ ಆಯ್ಕೆ. ಆಟ ಕೆಡುವುದು ಇಲ್ಲಿಯೇ. ಹೆಚ್ಚಿನ ಶಿಕ್ಷಕರು ಜಿಲ್ಲೆಯ ನಕ್ಷೆ ಬಿಡಿಸಿ ಕಂಡ ಊರನ್ನೆಲ್ಲ ಮೊದಲ ದಿನವೇ ತುಂಬುತ್ತಾರೆ. ಕಲಿಯುವವರು ಕಂಗಾಲಾಗಿ, ಬಾಯಿಗೆ ಬಂದ ಪ್ರತ್ಯಯ ಹಚ್ಚುತ್ತಾರೆ. ಹಾಗೆ ಮಾಡಬೇಡಿ. ಮೊದಲ ದಿನ ‘ಅ’ಕಾರದಲ್ಲಿ ಮುಗಿಯುವ ಊರುಗಳು ಮಾತ್ರ: ಕಾರವಾರ, ಗೋಕರ್ಣ, ಹೊನ್ನಾವರ, ಭಟ್ಕಳ, ಯಲ್ಲಾಪುರ. ಎಲ್ಲಕ್ಕೂ ‘ಕ್ಕೆ’. ಎರಡನೆಯ ದಿನ ಶಿರಸಿ, ದಾಂಡೇಲಿ, ಬನವಾಸಿ, ಮಾಜಾಳಿ, ಇವಕ್ಕೆ ‘ಗೆ’. ಮೂರನೆಯ ದಿನ ಮಂಗಳೂರಿಗೆ, ಬೆಂಗಳೂರಿಗೆ. ನಾಲ್ಕನೆಯ ದಿನ ಮೂರೂ ಗುಂಪು ಕಲಸಿ. ಅಂಕೋಲಾ ಕೊನೆಗಿರಲಿ. ಅಂಕೋಲಾಕ್ಕೆ, ಅಂಕೋಲೆಗೆ ಎರಡೂ ಬಳಕೆಯಲ್ಲಿವೆ. ಎರಡಕ್ಕೂ ಟಿಕೆಟ್ ಕೊಡಬೇಕು. ನಿಯಮವನ್ನು ಹಲಗೆಯ ಮೇಲೆ ಮೊದಲೇ ಬರೆಯಬೇಡಿ. ಬರೆದರೆ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ ವಿಭಕ್ತಿ ಪಟವನ್ನಂತೂ ಕೊಳ್ಳಲೇಬೇಡಿ. ‘ಎಲ್ಲಿಂದ’ ಎಂದು ಹೇಳುವ ಪಂಚಮಿ ವಿಭಕ್ತಿಗೆ ‘ದೆಸೆಯಿಂದ’ ಎಂದು ಅಚ್ಚು ಹಾಕಿರುತ್ತಾರೆ. ‘ಕುಮಟಾದ ದೆಸೆಯಿಂದ ಬಂದೆ’ ಎನ್ನುವವರನ್ನು ನಾನು ಈವರೆಗೆ ಕಂಡಿಲ್ಲ. ಮೊಬೈಲಿನ ರಸಪ್ರಶ್ನೆಯೂ ಬೇಡ. ಅದರಲ್ಲಿ ಬೆರಳು ಆಡುತ್ತದೆ, ನಾಲಿಗೆ ಆಡುವುದಿಲ್ಲ.

ಇನ್ನು ತಿದ್ದುವ ಬಗೆ. ಕಂಡಕ್ಟರ್ ‘ತಪ್ಪು’ ಎನ್ನಕೂಡದು. ಕಳೆದ ಮಳೆಗಾಲದಲ್ಲಿ ಒಬ್ಬ ಗೃಹಿಣಿ ಕೈಚಾಚಿ ‘ದಾಂಡೇಲಿಕ್ಕೆ’ ಎಂದರು. ಕಂಡಕ್ಟರ್ ಆಗಿದ್ದ ಹುಡುಗ ಚೀಟಿಯನ್ನು ಅರ್ಧ ಹರಿದು, ಅಲ್ಲಿಗೇ ನಿಲ್ಲಿಸಿ, ‘ದಾಂಡೇಲಿಗೆ ತಾನೆ?’ ಎಂದು ಕೇಳಿದ. ಆಕೆಯ ತುಟಿ ಒಮ್ಮೆ ಸದ್ದಿಲ್ಲದೆ ಅಲುಗಾಡಿತು. ‘ಹೌದು, ದಾಂಡೇಲಿಗೆ.’ ಚೀಟಿ ಪೂರ್ತಿ ಹರಿಯಿತು. ಸರಿಯಾದ ರೂಪ ಪ್ರಶ್ನೆಯಾಗಿ ಕಿವಿಗೆ ಬಿದ್ದು ಉತ್ತರವಾಗಿ ಬಾಯಿಂದ ಬರಬೇಕು. ತಪ್ಪಿದವರನ್ನು ಆಟದಿಂದ ಹೊರಗೆ ಕೂರಿಸುವುದನ್ನು ನಾನು ಒಪ್ಪುವುದೇ ಇಲ್ಲ. ಹೆಚ್ಚು ಸರದಿ ಬೇಕಾದವರು ಅವರೇ.

ಬಸ್ಸು ಮರಳಿ ಬರುವಾಗ ಪ್ರಶ್ನೆ ‘ಎಲ್ಲಿಂದ?’ ಕಾರವಾರದಿಂದ, ಶಿರಸಿಯಿಂದ, ಮಂಗಳೂರಿನಿಂದ. ಅವೇ ಮೂರು ಗುಂಪು; ನಡುವೆ ಬರುವುದು ದ, ಯ, ನ. ನಿಯಮವನ್ನು ಹಲಗೆಗೆ ಏರಿಸಲು ಈಗ ಅಡ್ಡಿಯಿಲ್ಲ, ಅದನ್ನು ಕಲಿಯುವವರೇ ಹೇಳುತ್ತಾರೆ.

ಶಬ್ದಗಳ ಪುನರಾವರ್ತನೆಗೆ ಸಾಮಾನಿನ ಸರಪಳಿ ಸಾಕು. ಒಬ್ಬರು ‘ಬಂಗಡೆ ಒಯ್ದೆ’ ಎಂದರೆ, ಮುಂದಿನವರು ‘ಬಂಗಡೆ, ಅಡಿಕೆ ಒಯ್ದೆ’ ಎನ್ನಬೇಕು. ಏಳು ಸಾಮಾನಿಗೆ ನಿಲ್ಲಿಸಿ. ಯಾರಾದರೂ ತಡವರಿಸಿದರೆ ಪಕ್ಕದವರು ಅಭಿನಯಿಸಿ ತೋರಿಸಬಹುದು, ಶಬ್ದ ಹೇಳಿಕೊಡಬಾರದು.

20 ನಿಮಿಷಕ್ಕೆ ಸೀಟಿ ಊದಿ ಎಲ್ಲರನ್ನೂ ಇಳಿಸಿ. ಚೀಟಿಗಳನ್ನು ಎಸೆಯಬೇಡಿ, ಮರುದಿನ ಅವುಗಳ ಬೆನ್ನಿಗೆ ಒಂದೊಂದು ಪೂರ್ಣ ವಾಕ್ಯ ಬರೆಸಿ.