ಬಾಯ್ನಾದ ದೋಣಿ, ಹಾರ್ನ್‌ಸುಂಡ್‌ನ ಹಿಮ

ಗೋವಾದ ವಾಸ್ಕೋದಲ್ಲಿ ಮೀನು ಜೆಟ್ಟಿಯ ಹತ್ತಿರ ಒಂದು ಕೋಲ್ಡ್ ಸ್ಟೋರೇಜ್ ಇದೆ. ಒಳಗೆ ಮೈನಸ್ 18 ಡಿಗ್ರಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಹೊರಗೆ ನಿಂತರೆ ಬೆವರು ಇಳಿಯುವ ಹೊತ್ತಿನಲ್ಲಿ, ಉತ್ತರ ಧ್ರುವದ ಕಡೆಯ ಪ್ರವಾಸಕ್ಕೆ ಕೊಂಡ ಬಟ್ಟೆ ಪರೀಕ್ಷಿಸಲೆಂದು ನಾನು ಅದರೊಳಗೆ ಬಂಗಡೆ ಪೆಟ್ಟಿಗೆಗಳ ಪಕ್ಕ ಉಣ್ಣೆಯ ಒಳಅಂಗಿ, ಫ್ಲೀಸ್, ದಪ್ಪ ಜಾಕೆಟ್ ಹಾಕಿಕೊಂಡು ನಿಂತಿದ್ದೆ. ಅಲ್ಲಿನ ಮ್ಯಾನೇಜರರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಆ ಪರಿಚಯದ ಮೇಲೆ ಇಪ್ಪತ್ತು ನಿಮಿಷ ಬಿಟ್ಟಿದ್ದರು, ಒಬ್ಬ ಹುಡುಗನನ್ನು ಬಾಗಿಲಲ್ಲಿ ಕಾವಲಿಟ್ಟು.

ಅಲ್ಲಿ ಕಲಿತದ್ದು ಯಾವ ಅಂಗಡಿಯವರೂ ಹೇಳಿರಲಿಲ್ಲ. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ಬೆರಳು ಅಲುಗಾಡಲು ಜಾಗವಿರದೆ ಇನ್ನೂ ಬೇಗ ಮರಗಟ್ಟುತ್ತವೆ. ಒಂದೇ ಜೊತೆ ಉಣ್ಣೆಯದು, ಬೂಟು ಒಂದು ಅಳತೆ ದೊಡ್ಡದು, ಅದೇ ಸರಿ. ಐದು ಬೆರಳಿನ ದಪ್ಪ ಗ್ಲೌಸಿಗಿಂತ ತೆಳು ಗ್ಲೌಸಿನ ಮೇಲೆ ಬೆರಳಿಲ್ಲದ ಚೀಲದಂಥ ಗ್ಲೌಸ್ ಹೆಚ್ಚು ಬೆಚ್ಚಗೆ. ಹೋದ ಕಡೆ ಜುಲೈಯಲ್ಲಿ ಇದ್ದದ್ದು ಮೂರರಿಂದ ಆರು ಡಿಗ್ರಿ ಮಾತ್ರ. ಆದರೆ ರಬ್ಬರ್ ದೋಣಿಯಲ್ಲಿ ಗಾಳಿಗೆ ಮುಖ ಕೊಟ್ಟು ಎರಡು ತಾಸು ಅಲುಗದೆ ಕುಳಿತಾಗ ಆ ಇಪ್ಪತ್ತು ನಿಮಿಷದ ಪಾಠವೇ ನನ್ನನ್ನು ಕಾಯ್ದದ್ದು.

ಹೋದದ್ದು ಸ್ವಾಲ್‌ಬಾರ್ಡ್‌ಗೆ. ನಾರ್ವೆಯ ಉತ್ತರಕ್ಕೆ, ಉತ್ತರ ಧ್ರುವದ ದಾರಿಯಲ್ಲಿರುವ ದ್ವೀಪಗಳ ಗುಂಪು. ಮೂವತ್ತು ಪ್ರಯಾಣಿಕರ ಸಣ್ಣ ಹಡಗು, 2025ರ ಜುಲೈ, ಎಂಟು ದಿನ. ಜೊತೆಗೆ ಪುಣೆಯಲ್ಲಿ ನರ್ಸ್ ಆಗಿರುವ ನನ್ನ ನಾದಿನಿ. ನಾನು ಧಾರವಾಡದವಳು. ವಾಸ್ಕೋದ ಕನ್ನಡ ಶಾಲೆಯಲ್ಲಿ 31 ವರ್ಷ ಭೂಗೋಳ ಕಲಿಸಿದೆ. ಪ್ರತಿ ವರ್ಷ ಬೋರ್ಡಿನ ಮೇಲೆ ಯು ಆಕಾರದ ಕಣಿವೆ ಬರೆದು, ಅದರೊಳಗೆ ಸಮುದ್ರ ತುಂಬಿಸಿ, ಇದು ಫಿಯರ್ಡ್ ಎಂದು ಹೇಳುತ್ತಿದ್ದೆ. ಮಕ್ಕಳು ಝುವಾರಿ ಅಳಿವೆಯೂ ಫಿಯರ್ಡೇನಾ ಎಂದು ಕೇಳುತ್ತಿದ್ದರು. ಅಲ್ಲ, ಇದು ನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದ್ದು, ಅದು ಹಿಮನದಿ ಕೊರೆದದ್ದು, ಬಾಯಲ್ಲಿ ಆಳ ಕಡಿಮೆ, ಒಳಗೆ ಹೋದಂತೆ ಆಳ ಹೆಚ್ಚು ಎನ್ನುತ್ತಿದ್ದೆ. ಎರಡರಲ್ಲಿ ಒಂದನ್ನು ಮಾತ್ರ ನೋಡಿ ಎರಡರ ಬಗ್ಗೆಯೂ ಹೇಳುತ್ತಿದ್ದೇನಲ್ಲ ಎಂಬುದು ಒಳಗೊಳಗೇ ಚುಚ್ಚುತ್ತಿತ್ತು. ನಮ್ಮ ಊರಿನ ಹೆಡ್‌ಲ್ಯಾಂಡ್ ಸಡಾದಲ್ಲಿಯೇ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ಆರಂಭವಾದ ಭಾರತದ ಹಿಮಾದ್ರಿ ನಿಲ್ದಾಣವನ್ನು ನಡೆಸುವವರು ಅವರೇ. ನನ್ನ ಬೆಳಗಿನ ವಾಕಿಂಗ್ ದಾರಿಯಲ್ಲೇ ಆ ಗೇಟು. ಹನ್ನೊಂದು ವರ್ಷ ಒಂದು ಆರ್.ಡಿ. ಕಟ್ಟಿದೆ. ನಿವೃತ್ತಿಯಾದ ಮೇಲೆ ಹೊರಟೆ.

ಮೊದಲು ವೀಸಾದ ಮಾತು, ಇಲ್ಲಿ ಎಡವಿದರೆ ಮುಂದಿನದೆಲ್ಲ ಹಾಳು. ಸ್ವಾಲ್‌ಬಾರ್ಡ್ ನಾರ್ವೆಗೆ ಸೇರಿದ್ದು, ಆದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ಒಳಗಿಲ್ಲ. 1920ರ ಒಪ್ಪಂದದಿಂದಾಗಿ ಅಲ್ಲಿಗೆ ಹೋಗಲು ಯಾರಿಗೂ ವೀಸಾ ಬೇಡ; ಭಾರತವೂ ಆ ಒಪ್ಪಂದದ ಸದಸ್ಯ. ಆದರೆ ವಿಮಾನ ಹೋಗುವುದು ಓಸ್ಲೋ ಮೇಲಿಂದ. ಹೋಗುವಾಗ ಒಮ್ಮೆ ಷೆಂಗೆನ್ ಒಳಗೆ ಬಂದು ಹೊರಬೀಳುತ್ತೀರಿ, ಬರುವಾಗ ಮತ್ತೊಮ್ಮೆ ಒಳಗೆ ಬರಬೇಕು. ಆದ್ದರಿಂದ ಎರಡು ಪ್ರವೇಶದ ವೀಸಾ ಬೇಕೇ ಬೇಕು. ನಮ್ಮ ಏಜೆಂಟರು ಫಾರ್ಮಿನಲ್ಲಿ ಒಂದೇ ಪ್ರವೇಶ ಎಂದು ತುಂಬಿದ್ದರು. ಉತ್ತರಪತ್ರಿಕೆ ತಿದ್ದುವ ಅಭ್ಯಾಸದಿಂದ ಎರಡನೇ ಸಲ ಓದಿದಾಗ ಕಣ್ಣಿಗೆ ಬಿತ್ತು. ಹಾಗೇ ಹೋಗಿದ್ದರೆ ಸ್ವಾಲ್‌ಬಾರ್ಡ್‌ನ ಮುಖ್ಯ ಊರಾದ ಲಾಂಗ್‌ಯೀರ್‌ಬೀನ್‌ನ ವಿಮಾನ ನಿಲ್ದಾಣದಲ್ಲಿ ಊರಿಗೆ ಮರಳುವ ದಾರಿಯಿಲ್ಲದೆ ಕೂರಬೇಕಿತ್ತು. ವಿಮೆಯಲ್ಲೂ ಹೆಲಿಕಾಪ್ಟರಿನಲ್ಲಿ ಕರೆತರುವ ವೆಚ್ಚ ಸೇರಿದೆಯೇ ನೋಡಿ. ಅಲ್ಲಿರುವುದು ಸಣ್ಣ ಆಸ್ಪತ್ರೆ, ಗಂಭೀರವಾದರೆ ನಾರ್ವೆಯ ಮುಖ್ಯ ನೆಲದಲ್ಲಿರುವ ಟ್ರೊಮ್ಸೊಗೆ ವಿಮಾನದಲ್ಲಿ ಕಳಿಸುತ್ತಾರೆ. ಇದನ್ನು ಹುಡುಕಿದ್ದು ನನ್ನ ನಾದಿನಿ, ಆಸ್ಪತ್ರೆ ಕೆಲಸದವಳಾದ್ದರಿಂದ.

ದೋಣಿ ಹತ್ತುವುದನ್ನು ಕಲಿತದ್ದು ಬಾಯ್ನಾ ಬೀಚಿನಲ್ಲಿ. ಸಣ್ಣ ಹಡಗಿನ ಪ್ರವಾಸವೆಂದರೆ ದಿನಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಹಡಗಿನ ಏಣಿಯಿಂದ ರಬ್ಬರ್ ದೋಣಿಗೆ ಇಳಿಯುವುದು, ದಡಕ್ಕೆ ಇಳಿಯುವುದು, ಮತ್ತೆ ಹತ್ತುವುದು. ಆ ದೋಣಿಗೆ ಎಲ್ಲರೂ ಝೋಡಿಯಾಕ್ ಎನ್ನುತ್ತಾರೆ. ನನ್ನ ಎಡಮೊಣಕಾಲು ಮೊದಲೇ ಹಟಮಾರಿ. ಹೊನ್ನಾವರ ಕಡೆಯ ಖಾರ್ವಿಯೊಬ್ಬರು ಡಾಲ್ಫಿನ್ ತೋರಿಸುವ ಬೋಟು ನಡೆಸುತ್ತಾರೆ. ಅವರಿಗೆ ವಿಷಯ ಹೇಳಿದೆ. ಮೇ ತಿಂಗಳಲ್ಲಿ ಸಂಜೆ ಗಿರಾಕಿ ಕಡಿಮೆಯಾದ ಮೇಲೆ ವಾರಕ್ಕೆ ಮೂರು ದಿನ ಹತ್ತಿಸಿ ಇಳಿಸಿದರು.

"ಟೀಚರ್, ನೀರು ನೋಡಬೇಡಿ, ನನ್ನ ಕೈ ನೋಡಿ" ಎನ್ನುತ್ತಿದ್ದರು. "ದೋಣಿ ಮೇಲೆ ಬಂದಾಗ ಕಾಲಿಡಿ. ಕೆಳಗೆ ಹೋಗುವಾಗ ಇಟ್ಟರೆ ಅದು ನಿಮ್ಮನ್ನ ಬಿಟ್ಟು ಹೋಗ್ತದೆ."

ಕೈ ಹಿಡಿಯುವುದನ್ನೂ ಅವರೇ ಕಲಿಸಿದರು: ಬೆರಳು ಹಿಡಿಯಬಾರದು, ಒಬ್ಬರ ಮಣಿಕಟ್ಟಿನ ಮೇಲ್ಭಾಗವನ್ನು ಇನ್ನೊಬ್ಬರು ಹಿಡಿಯಬೇಕು. ಒಬ್ಬರ ಕೈ ಜಾರಿದರೂ ಇನ್ನೊಬ್ಬರ ಹಿಡಿತ ಇರುತ್ತದೆ. ಹಡಗಿನಲ್ಲಿ ಮೊದಲ ದಿನ ಮಾರ್ಗದರ್ಶಕರು ತೋರಿಸಿದ್ದೂ ಅದೇ ಹಿಡಿತ. ನನಗೆ ತುಂಬ ಸಂತೋಷವಾಯಿತು. ಹೊನ್ನಾವರದ ಕೈಯೂ ನಾರ್ವೆಯ ಕೈಯೂ ಒಂದೇ ಪಾಠ ಹೇಳುತ್ತಿದ್ದವು.

ಲಾಂಗ್‌ಯೀರ್‌ಬೀನ್ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಒಂದು ಮರವೂ ಇಲ್ಲ. ಅಲ್ಲಿನ ವಿಲೋ ಗಿಡ ಬೆರಳಿನುದ್ದವೂ ಏಳದೆ ನೆಲಕ್ಕೇ ಅಂಟಿ ಬೆಳೆಯುತ್ತದೆ. ಸೂರ್ಯ ಮುಳುಗುವುದೇ ಇಲ್ಲ. ಕ್ಯಾಬಿನ್ನಿನ ಕಿಟಕಿಗೆ ಪರದೆ ಸಾಲದೆ ನಾದಿನಿ ತನ್ನ ಹಳೆಯ ಇಳಕಲ್ ಸೀರೆ ಕಟ್ಟಿದಳು. ಎಂಟು ರಾತ್ರಿ ನಾವು ಕೆಂಪು ಸೆರಗಿನ ಬೆಳಕಿನಲ್ಲಿ ಮಲಗಿದೆವು.

ಹೊರಡುವ ಮುನ್ನ ಎಲ್ಲರ ಬಟ್ಟೆ, ಚೀಲ, ಬೂಟು ತಪಾಸಣೆ. ಹೊರಗಿನ ಬೀಜ ಒಂದೂ ಆ ನೆಲಕ್ಕೆ ಇಳಿಯಬಾರದು. ನನ್ನ ಮಳೆ ಪ್ಯಾಂಟಿನ ವೆಲ್ಕ್ರೋದಲ್ಲಿ ಮಾರ್ಗದರ್ಶಕಿ ಚಿಮಟದಿಂದ ಒಂದು ಬೀಜ ತೆಗೆದಳು. ನೋಡಿದರೆ ಉತ್ತರಾಣಿ! ಕ್ಯಾಸಲ್‌ರಾಕ್ ಕಾಡಿನಲ್ಲಿ ಅಭ್ಯಾಸಕ್ಕೆ ನಡೆದಾಗ ಅಂಟಿದ್ದು. ಮನೆಯಲ್ಲಿ ಒಗೆದು ಒಣಗಿಸಿದ್ದರೂ ಉಳಿದುಬಿಟ್ಟಿತ್ತು. ಹೋಗುವವರು ವೆಲ್ಕ್ರೋವನ್ನು ಸೂಜಿಯಿಂದ ಬಿಡಿಸಿ ನೋಡಿ, ಕೈಯಾಡಿಸಿದರೆ ಸಾಲದು.

ಸಣ್ಣ ಹಡಗು ಯಾಕೆ ಎಂದು ತುಂಬ ಜನ ಕೇಳಿದ್ದಾರೆ. 2025ರ ಜನವರಿಯಿಂದ ಸ್ವಾಲ್‌ಬಾರ್ಡ್‌ನ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಹೋಗುವಂತಿಲ್ಲ, ಅಲ್ಲಿ ದಡಕ್ಕಿಳಿಯಲು ಗುರುತಿಸಿದ್ದು 43 ಜಾಗಗಳು ಮಾತ್ರ. ಆದರೆ ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಮೂವತ್ತೇ ಜನರಿದ್ದರೆ ಎಲ್ಲರೂ ಒಟ್ಟಿಗೆ ಇಳಿಯಬಹುದು, ಪಾಳಿ ಕಾಯಬೇಕಿಲ್ಲ. ಹಿಮ ಅಡ್ಡ ಬಂದರೆ ಕ್ಯಾಪ್ಟನ್ ಉಪಾಹಾರದ ಹೊತ್ತಿಗೇ ಎದ್ದು ನಿಂತು ಯೋಜನೆ ಬದಲಿಸಿಬಿಡುತ್ತಾರೆ. ಕಷ್ಟವೂ ಇದೆ: ತೆರೆದ ಸಮುದ್ರದಲ್ಲಿ ಸಣ್ಣ ಹಡಗು ತುಂಬ ಹೊಯ್ದಾಡುತ್ತದೆ. ಕೆಳ ಡೆಕ್ಕಿನ ನಡುಭಾಗದ ಕ್ಯಾಬಿನ್ ಕೇಳಿ ಪಡೆಯಿರಿ, ಅಲ್ಲಿ ಅಲುಗಾಟ ಕಡಿಮೆ. ವಾಂತಿಯ ಮಾತ್ರೆಯನ್ನು ಹೊಟ್ಟೆ ತೊಳಸುವುದಕ್ಕೆ ಮೊದಲೇ ನುಂಗಬೇಕು, ಆಮೇಲೆ ನುಂಗಿದರೆ ನಿಲ್ಲುವುದಿಲ್ಲ. ಸಸ್ಯಾಹಾರದ ವಿಷಯ ಮೂರು ತಿಂಗಳು ಮೊದಲೇ ಬರೆದು ತಿಳಿಸಿದ್ದೆ, ಏನೂ ತೊಂದರೆಯಾಗಲಿಲ್ಲ. ಆದರೂ ಶೇಂಗಾ ಚಟ್ನಿ ಒಯ್ದದ್ದು ಒಳ್ಳೆಯದಾಯಿತು, ನಾಲ್ಕನೇ ದಿನದಿಂದ ಅಡುಗೆಯವರೂ ಕೇಳಿ ಹಾಕಿಸಿಕೊಂಡರು.

ಎರಡನೇ ದಿನ ಕಾಂಗ್ಸ್‌ಫಿಯರ್ಡ್ ಹೊಕ್ಕು, ಹಿಮಾದ್ರಿ ಇರುವ ಸಂಶೋಧಕರ ಊರು ನೀ ಒಲೆಸುಂಡ್ ತಲುಪಿದೆವು. ಅಲ್ಲಿನ ಉಪಕರಣಗಳಿಗೆ ಅಡ್ಡಿಯಾಗಬಾರದೆಂದು ಹಡಗಿನಲ್ಲಿರುವಾಗಲೇ ಎಲ್ಲರ ಫೋನಿನ ವೈಫೈ, ಬ್ಲೂಟೂತ್ ಆರಿಸಿದರು. 1926ರಲ್ಲಿ ಧ್ರುವ ಅನ್ವೇಷಕ ಅಮುಂಡ್ಸೆನ್‌ರ ವಾಯುನೌಕೆ ನಾರ್ಗೆಯನ್ನು ಕಟ್ಟಿದ್ದ ಕಬ್ಬಿಣದ ಕಂಬ ಇನ್ನೂ ಊರ ಹೊರಗೆ ನಿಂತಿದೆ. ಆರ್ಕ್ಟಿಕ್ ಟರ್ನ್ ಹಕ್ಕಿಗಳು ತಲೆಗೆ ಕುಕ್ಕಲು ಬರುತ್ತವೆ, ಒಂದು ಕೋಲನ್ನು ತಲೆಗಿಂತ ಎತ್ತರ ಹಿಡಿದು ನಡೆದರೆ ಕೋಲಿನ ತುದಿಗೆ ಕುಕ್ಕುತ್ತವೆ. ಹಿಮಾದ್ರಿಯನ್ನು ರಸ್ತೆಯಿಂದಲೇ ನೋಡಿದೆ. ಕೆಲಸ ಮಾಡುವವರ ಮನೆ, ಬಾಗಿಲು ತಟ್ಟುವುದು ಸರಿಯಲ್ಲ. 2014ರಲ್ಲಿ ಇದೇ ಫಿಯರ್ಡಿನ ನೀರೊಳಗೆ ನಮ್ಮವರು ಇಂಡಾರ್ಕ್ ಎಂಬ ಉಪಕರಣಗಳ ಸರಣಿಯನ್ನು ಇಳಿಸಿದ್ದಾರೆ, ಅಟ್ಲಾಂಟಿಕ್ಕಿನ ಬೆಚ್ಚನೆ ನೀರು ಎಷ್ಟು ಒಳಗೆ ಬರುತ್ತದೆ ಎಂದು ತಿಳಿಯಲು. ಆ ನೀರಿನ ಮೇಲೆ ನಿಂತು ಸಡಾದ ಗೇಟನ್ನು ನೆನೆದು ಕಣ್ಣು ತುಂಬಿತು.

ಯೋಜನೆಯ ಪ್ರಕಾರ ಮುಂದೆ 80 ಡಿಗ್ರಿ ದಾಟಿ ಮೊಫೆನ್ ದ್ವೀಪದ ವಾಲ್ರಸ್ ನೋಡಬೇಕಿತ್ತು. ಉತ್ತರದ ಗಾಳಿ ಹಿಮವನ್ನೆಲ್ಲ ದೂಡಿಕೊಂಡು ಬಂತು. ಕ್ಯಾಪ್ಟನ್ ನಕ್ಷೆ ತೋರಿಸಿ ದಕ್ಷಿಣಕ್ಕೆ ತಿರುಗುತ್ತೇವೆ ಎಂದರು. ನನಗೆ ಬಹಳ ಬೇಸರವಾಯಿತು. 80 ಎಂಬ ಅಂಕಿಯ ಮೇಲೆ ಮನಸ್ಸಿಟ್ಟಿದ್ದೆ.

"ವೈನಿ, ಅಂಕಿ ನೋಡಾಕ ಬಂದೇವೋ, ಹಿಮಾ ನೋಡಾಕ ಬಂದೇವೋ?" ಎಂದಳು ನಾದಿನಿ.

ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚಿನ ಹೊಯ್ದಾಟದ ನಂತರ ದಕ್ಷಿಣದ ಫಿಯರ್ಡ್ ಹಾರ್ನ್‌ಸುಂಡ್. 1596ರಲ್ಲಿ ಬಂದ ಡಚ್ಚ ವಿಲೆಮ್ ಬಾರೆಂಟ್ಸ್ ಈ ದ್ವೀಪಕ್ಕೆ ಸ್ಪಿಟ್ಸ್‌ಬರ್ಗೆನ್, ಅಂದರೆ ಚೂಪು ಬೆಟ್ಟಗಳು, ಎಂದು ಹೆಸರಿಟ್ಟದ್ದು ಯಾಕೆಂದು ಇಲ್ಲಿ ತಿಳಿಯುತ್ತದೆ. ಹಾರ್ನ್‌ಸುಂಡ್‌ಟಿಂಡ್ ಶಿಖರ 1,400 ಮೀಟರಿಗೂ ಹೆಚ್ಚು ಎತ್ತರ. ನಮ್ಮ ಸಹ್ಯಾದ್ರಿಯ ಕಳಸೂಬಾಯಿ ಅದಕ್ಕಿಂತ ಎತ್ತರವೇ, ಆದರೆ ಕಳಸೂಬಾಯಿಯ ಬುಡದಲ್ಲಿ ಸಮುದ್ರವಿಲ್ಲ. ಇಲ್ಲಿ ದೋಣಿಯಲ್ಲಿ ಕುಳಿತು ಕತ್ತೆತ್ತಿದರೆ ಬುಡದಿಂದ ತುದಿಯವರೆಗೆ ಪೂರ್ತಿ ಬೆಟ್ಟ. ಗ್ನೋಲೊಡ್ಡೆನ್ ಎಂಬಲ್ಲಿ ಬಂಡೆಯ ಕೆಳಗೆ ವಾನಿ ವೋಲ್ಡ್‌ಸ್ಟಾಡ್ ಎಂಬ ಹೆಂಗಸು 1930ರ ದಶಕದಲ್ಲಿ ಬೇಟೆಗಾರ್ತಿಯಾಗಿ ಚಳಿಗಾಲಗಳನ್ನು ಕಳೆದಿದ್ದಳು. ಅಲ್ಲಿ ಇಳಿಯಬೇಕೆಂದಿದ್ದೆವು. ದಡದಲ್ಲಿ ಹಿಮಕ್ಕಿಂತ ತುಸು ಹಳದಿಯಾದ ಒಂದು ಚುಕ್ಕೆ ಅಲುಗಿತು. ಹಿಮಕರಡಿ. ಜುಲೈಯಲ್ಲಿ ಕನಿಷ್ಠ 300 ಮೀಟರ್ ದೂರವಿರಬೇಕೆಂಬ ನಿಯಮ. ಇಳಿಯುವುದು ರದ್ದಾಯಿತು. ದುರ್ಬೀನಿನಲ್ಲಿ ಅದು ಕುಳಿತು, ಮೂಸಿ, ಎದ್ದು ಹೋಗುವ ತನಕ ಹಡಗಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಮಧ್ಯಾಹ್ನ ಫಿಯರ್ಡಿನ ತುತ್ತತುದಿಗೆ, ಬ್ರೆಪೊಲೆನ್ ಎಂಬ ಕೊಲ್ಲಿಗೆ ಹೋದೆವು. ಸುಮಾರು 1900ರ ಹೊತ್ತಿಗೆ ಹಿಮನದಿಯ ಮುಖ ಟ್ರೆಸ್ಕೆಲೆನ್ ಎಂಬ ಕಿರಿದಾದ ನೆಲದ ಚಾಚಿನ ಹತ್ತಿರವಿತ್ತು. ಅದರಾಚೆ ಕೊಲ್ಲಿಯೇ ಇರಲಿಲ್ಲ. ನಾವು ಟ್ರೆಸ್ಕೆಲೆನ್ ದಾಟಿ ಒಳಗೆ, ಇನ್ನೂ ಒಳಗೆ ಹೋಗುತ್ತಲೇ ಇದ್ದೆವು. ಅಷ್ಟೂ ದೂರ ಹಿಂದೆ ಹಿಮವಿದ್ದ ಜಾಗ. ಮಾರ್ಗದರ್ಶಕಿ ಮುಂದೆ ಕೈ ತೋರಿಸಿ, ಬೆಟ್ಟದಾಚೆಯ ಪೂರ್ವ ಕರಾವಳಿಯಲ್ಲೂ ಹಿಮನದಿ ಹಿಂದೆ ಸರಿಯುತ್ತಿದೆ, ಎರಡೂ ಕಡೆಯ ಹಿಮ ಕರಗಿ ಸಮುದ್ರಗಳು ಕೂಡಿದರೆ ದಕ್ಷಿಣದ ತುದಿ ಬೇರೆಯೇ ದ್ವೀಪವಾಗುತ್ತದೆ ಎಂದಳು. 31 ವರ್ಷ ನಾನು ಬೋರ್ಡಿನ ಮೇಲೆ ಬರೆದ ಫಿಯರ್ಡ್ ಮುಗಿದುಹೋದ ಕಥೆಯಾಗಿತ್ತು: ಹಿಮನದಿ ಕೊರೆಯಿತು, ಕರಗಿತು, ಸಮುದ್ರ ಬಂತು. ಇಲ್ಲಿ ಆ ಚಿತ್ರ ನನ್ನ ಕಣ್ಣೆದುರು ಇನ್ನೂ ಬರೆಯಲಾಗುತ್ತಿತ್ತು.

ಎಂಜಿನ್ ಆರಿಸಿದರು. ನೀರಿನಲ್ಲಿ ತೇಲುವ ಹಿಮದ ಚೂರುಗಳು ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತಿದ್ದವು. ಹಿಮದೊಳಗೆ ಒತ್ತಿ ಮುಚ್ಚಿಹೋಗಿದ್ದ ಹಳೆಯ ಗಾಳಿ ಹೊರಬರುವ ಸದ್ದು ಅದು. ದೂರದಲ್ಲಿ ಹಿಮನದಿಯ ಮುಖದಿಂದ ಒಂದು ಕಂಬ ಸದ್ದಿಲ್ಲದೆ ಜಾರಿತು. ನಾನು ಎಣಿಸಿದೆ: ಒಂದು, ಎರಡು, ಮೂರು. ಆಮೇಲೆ ಗುಡುಗು. ಮೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್, ಸಿಡಿಲಿನ ಪಾಠದಲ್ಲಿ ಮಕ್ಕಳಿಗೆ ಎಣಿಸಲು ಹೇಳುತ್ತಿದ್ದ ಲೆಕ್ಕವೇ. ಕಿಟ್ಟಿವೇಕ್ ಹಕ್ಕಿಗಳು ಬಿದ್ದ ಜಾಗಕ್ಕೆ ಮುತ್ತಿದವು, ಕಲಕಿದ ನೀರು ಅವುಗಳಿಗೆ ಊಟ ತಂದಿತ್ತು. ದೋಣಿಯವನು ಮತ್ತೆ ಎಂಜಿನ್ ಹೊತ್ತಿಸಿ ದೋಣಿಯ ಮುಖವನ್ನು ಅಲೆಯ ಕಡೆ ತಿರುಗಿಸಿ ಕಾದ. ಸ್ವಲ್ಪ ಹೊತ್ತಿನ ಮೇಲೆ ಅದು ಬಂತು, ನಮ್ಮನ್ನು ಮೆಲ್ಲಗೆ ಎತ್ತಿ ಇಳಿಸಿ ದಾಟಿಹೋಯಿತು. ಆ ಎರಡು ತಾಸಿನಲ್ಲಿ ನಾನು ತೆಗೆದದ್ದು ನಾಲ್ಕು ಫೋಟೋ. ಒಂದೂ ಸರಿಯಾಗಿ ಬಂದಿಲ್ಲ, ಅದರ ಚಿಂತೆಯೂ ನನಗಿಲ್ಲ.

ಹಡಗಿಗೆ ಮರಳುವಾಗ ಏಣಿಯ ಹತ್ತಿರ ಅಲೆ ಜೋರಾಗಿತ್ತು. ನಾವಿಕನ ಮಣಿಕಟ್ಟು ಹಿಡಿದು, ನೀರು ನೋಡದೆ, ದೋಣಿ ಮೇಲೆ ಬರುವುದನ್ನು ಕಾದು ಕಾಲೆತ್ತಿಟ್ಟೆ. ಮೊಣಕಾಲು ಹಟ ಮಾಡಲಿಲ್ಲ.

ಹೋಗಬೇಕೆನ್ನುವವರಿಗೆ ಇನ್ನೆರಡು ಮಾತು. ಮಳೆ ಪ್ಯಾಂಟನ್ನು ರಬ್ಬರ್ ಬೂಟಿನ ಒಳಗೆ ತುರುಕಬೇಡಿ, ಹೊರಗೆ ಇಳಿಬಿಡಿ, ಇಲ್ಲದಿದ್ದರೆ ದಡಕ್ಕಿಳಿಯುವಾಗ ನೀರು ಬೂಟಿಗೇ ಇಳಿಯುತ್ತದೆ. ದುರ್ಬೀನು ಇಬ್ಬರಿಗೊಂದು ಸಾಲದು. ಕರಡಿ ಕಂಡಾಗ ನಾದಿನಿಯ ಕೈಯಿಂದ ಕಸಿದುಕೊಂಡದ್ದಕ್ಕೆ ನನಗೆ ಈಗಲೂ ನೋವಿದೆ. ಗೋವಾದಿಂದ ಹೊರಡುವವರು ದೋಣಿಯ ಅಭ್ಯಾಸವನ್ನು ಮೇ ಮುಗಿಯುವುದರೊಳಗೆ ಮಾಡಿಕೊಳ್ಳಿ. ಜೂನ್ ಒಂದಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳು ದಡ ಹತ್ತುತ್ತವೆ. ಆಮೇಲೆ ಸಮುದ್ರ ಕೆರಳುತ್ತದೆ, ಬಾಯ್ನಾದಲ್ಲಿ ಯಾರೂ ನಿಮ್ಮನ್ನು ನೀರಿಗೆ ಬಿಡುವುದಿಲ್ಲ.