ತುಲಾ ಮಳೆಗೆ ಮೊದಲು: ಘಟ್ಟ ಇಳಿದು ಕಾಸರಗೋಡಿಗೆ ಬಂದವರಿಗೆ

ಜೂನ್ ತಿಂಗಳ ಮಳೆ ನೋಡಿ ಹೆದರಿದ ಹೊಸಬರು ಸೆಪ್ಟೆಂಬರ್ ಕೊನೆಗೆ "ಅಬ್ಬ, ಮುಗೀತು" ಅನ್ನುತ್ತಾರೆ. ಕೊಡೆ ಮಡಚಿ ಅಟ್ಟಕ್ಕೆ ಹಾಕುತ್ತಾರೆ. ಮುಗಿದಿಲ್ಲ ಮಾರಾಯ್ರೆ. ಅಕ್ಟೋಬರ್ ನಡುವಿಗೆ ತುಲಾ ಸಂಕ್ರಮಣ ಆಗುತ್ತದೆ. ಅಲ್ಲಿಂದ ಇನ್ನೊಂದು ಮಳೆ ಶುರು.

ಈ ಎರಡು ಮಳೆಗೂ ಸ್ವಭಾವ ಬೇರೆ. ಆಷಾಢದ ಮಳೆ ಕಡಲ ಕಡೆಯಿಂದ ಬರುತ್ತದೆ. ಹಗಲು ರಾತ್ರಿ ಒಂದೇ ಸಮ ಸುರಿಯುತ್ತದೆ, ಬೈದುಕೊಂಡಾದರೂ ಅದರ ಜೊತೆ ಬದುಕಬಹುದು. ತುಲಾ ಮಳೆ ಬರುವುದು ಮೂಡಣದಿಂದ, ಘಟ್ಟದ ಕಡೆಯಿಂದ. ಬೆಳಿಗ್ಗೆ ತಲೆ ಸುಡುವ ಬಿಸಿಲು. ಮಧ್ಯಾಹ್ನ ಊಟ ಮಾಡಿ ಎದ್ದರೆ ಗುಡ್ಡದ ಮೇಲೆ ಕಪ್ಪು ಮೋಡ. ಸಂಜೆ ನಾಲ್ಕಕ್ಕೆ ಗುಡುಗು, ಸಿಡಿಲು, ಗಾಳಿ. ಏಳು ಗಂಟೆಗೆ ಆಕಾಶದಲ್ಲಿ ನಕ್ಷತ್ರ. ಹಾಗಾಗಿ ಬೆಳಿಗ್ಗೆ ಕಡಲ ಕಡೆ ನೋಡಿ "ಇವತ್ತು ಏನೂ ಇಲ್ಲ" ಅಂತ ಬಟ್ಟೆ ಒಣಗಲು ಹಾಕಿ ಕೆಲಸಕ್ಕೆ ಹೋಗಬೇಡಿ.

ಇದರ ಮೇಲೆ ಇದೇ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಆಗುತ್ತದೆ. ಟಿವಿಯವರು ಕೆಂಪು ಬಾಣ ಬಿಡಿಸಿ ಕಿರುಚುವುದು ಅದಕ್ಕೆ. ನಾನು ಮದುವೆಯಾಗಿ ಕಡೂರಿನಿಂದ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆಗೆ ಬಂದವಳು. ನಮ್ಮ ಕಡೆ ಮೋಡ ಕಂಡರೆ ಕೈ ಮುಗಿಯುತ್ತಿದ್ದರು. ಇಲ್ಲಿ ಅದೇ ಮೋಡ ಕಂಡರೆ ಅಂಗಳಕ್ಕೆ ಓಡುತ್ತಾರೆ. ಎರಡರ ನಡುವೆ ಹೊಂದಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ಮೊದಲು ಮುನ್ಸೂಚನೆ ಯಾಕೆ ತಪ್ಪುತ್ತದೆ ಅನ್ನುವುದು. ಸುಮ್ನೆ ಹವಾಮಾನದವರನ್ನು ಬೈಯಬೇಡಿ. ಕಡಲಲ್ಲಿ ಹುಟ್ಟಿದ ಕುಸಿತ ಯಾವ ದಾರಿ ಹಿಡಿಯುತ್ತದೆ ಅನ್ನುವುದು ಎತ್ತರದಲ್ಲಿ ಬೀಸುವ ಗಾಳಿಯನ್ನು ಹೊಂದಿಕೊಂಡಿರುತ್ತದೆ. ಆ ಗಾಳಿ ತಿರುಗಿದರೆ ಇದೂ ತಿರುಗುತ್ತದೆ. ಐದು ದಿನ ಮುಂಚೆ ಹೇಳುವ ದಾರಿ ಬರೀ ಅಂದಾಜು. ನಮ್ಮ ಜಿಲ್ಲೆ ತಲಪಾಡಿಯಿಂದ ತೃಕ್ಕರಿಪುರದವರೆಗೆ ಕರಾವಳಿ ಉದ್ದಕ್ಕೆ ನೂರು ಕಿಲೋಮೀಟರ್ ಕೂಡ ಇಲ್ಲ. ಸಮುದ್ರದ ನಡುವೆ ಬಿರುಗಾಳಿ ಅಷ್ಟು ದೂರ ಆಚೀಚೆ ಸರಿದರೆ ನಕ್ಷೆಯಲ್ಲಿ ಏನೂ ಗೊತ್ತಾಗುವುದಿಲ್ಲ. ನಮಗೆ ಮಾತ್ರ ಮಳೆಯೋ ಬಿಸಿಲೋ ಅನ್ನುವಷ್ಟು ವ್ಯತ್ಯಾಸ.

2019ರ ದೀಪಾವಳಿ ನೆನಪಿರುವವರು ಇದನ್ನು ಒಪ್ಪುತ್ತಾರೆ. ಆಗ ಕಡಲಲ್ಲಿ 'ಕ್ಯಾರ್' ಇತ್ತು. ಅದು ಸೂಪರ್ ಸೈಕ್ಲೋನ್ ಆಯಿತು. ಅರಬ್ಬಿ ಸಮುದ್ರದಲ್ಲಿ ಅಷ್ಟು ದೊಡ್ಡದು 2007ರ 'ಗೋನು' ನಂತರ ಅದೇ. ಆದರೆ ದಡಕ್ಕೆ ಬರದೆ ಪಶ್ಚಿಮಕ್ಕೆ ಹೋಯಿತು. ಅದು ಹೋಗುವ ಮೊದಲೇ ಲಕ್ಷದ್ವೀಪದ ಹತ್ತಿರ 'ಮಹಾ' ಎದ್ದಿತು. ಅದು ಮೊದಲು ವಾಯವ್ಯಕ್ಕೆ ಹೋಗಿ, ಆಮೇಲೆ ಗುಜರಾತಿನ ಕಡೆ ತಿರುಗಿ, ದಡ ಮುಟ್ಟುವ ಮೊದಲೇ ಸೊರಗಿತು. ಹೀಗೆ ಎರಡು ಬಿರುಗಾಳಿ ಒಟ್ಟಿಗೆ ಕಡಲಲ್ಲಿ ಸುತ್ತುವಾಗ ದಡದಲ್ಲಿ ಕೂತವರು ಏನು ಮಾಡಬೇಕು, ಹೇಳಿ?

ಹಾಗಂತ "ಎಲ್ಲಾ ಸುಳ್ಳು" ಅಂತ ಕಡೆಗಣಿಸುವುದೂ ಬೇಡ. 2017ರ ನವೆಂಬರ್ ಕೊನೆಯಲ್ಲಿ 'ಒಖಿ' ಕನ್ಯಾಕುಮಾರಿಯ ಹತ್ತಿರ ಕೆಲವೇ ಗಂಟೆಗಳಲ್ಲಿ ಬಿರುಗಾಳಿಯಾಯಿತು. ಎಚ್ಚರಿಕೆ ಬರುವಾಗ ದೋಣಿಗಳು ಆಗಲೇ ಕಡಲಲ್ಲಿದ್ದವು. ತೆಂಕಣ ಕೇರಳದ, ತಮಿಳುನಾಡಿನ ಎಷ್ಟೋ ಮೀನುಗಾರರು ಮರಳಲೇ ಇಲ್ಲ. ಅಲ್ಲಿಂದೀಚೆಗೆ ಇಲ್ಲಿ ಎಚ್ಚರಿಕೆ ಸ್ವಲ್ಪ ಬೇಗ, ಸ್ವಲ್ಪ ಜಾಸ್ತಿ ಕೊಡುತ್ತಾರೆ. ಬೋಟಿನವರಿಗೆ ಒಂದು ಎಚ್ಚರಿಕೆ ಅಂದರೆ ಆ ವಾರದ ಸಂಪಾದನೆ ಹೋಯಿತು ಅಂತ. ಆದರೂ ಮಂಜೇಶ್ವರದಲ್ಲಿ, ಕಸಬಾ ಕಡಪ್ಪುರದಲ್ಲಿ ಬೋಟು ದಡಕ್ಕೆ ಎಳೆಯುತ್ತಾರೆ. ಬಂಗುಡೆ ರೇಟು ಏರಿತು ಅಂತ ಗೊಣಗುವ ಮೊದಲು ಇದು ನೆನಪಿರಲಿ.

ಹವಾಮಾನ ಇಲಾಖೆ ಕೊಡುವ ಅಲರ್ಟಿನ ಬಣ್ಣಗಳ ಲೆಕ್ಕ ಬೇಗ ಹೇಳಿಬಿಡುತ್ತೇನೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ ಬರಬಹುದು ಅಂದರೆ ಯೆಲ್ಲೋ. 204.4ರವರೆಗೆ ಆರೆಂಜ್. ಅದಕ್ಕಿಂತ ಮೇಲೆ ರೆಡ್. ಇಷ್ಟು ಎಲ್ಲರಿಗೂ ಗೊತ್ತು. ಹೊಸಬರು ನೋಡದೆ ಬಿಡುವುದು ಅದರ ಪಕ್ಕದ ಸಣ್ಣ ಮಾತನ್ನು: "ಒಂದೆರಡು ಕಡೆಗಳಲ್ಲಿ". ಜಿಲ್ಲೆಯ ಮಳೆ ಅಳೆಯುವ ಜಾಗಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಡೆ ಅಷ್ಟು ಮಳೆ ಇರಲಾರದು ಅಂತ ಅದರ ಅರ್ಥ. ವೆಳ್ಳರಿಕುಂಡಿನಲ್ಲಿ ತೋಡು ತುಂಬಿ ಹರಿದು, ಕುಂಬಳೆಯಲ್ಲಿ ಒಂದು ಹನಿ ಬೀಳದಿದ್ದರೂ ಮುನ್ಸೂಚನೆ ಸರಿಯೇ ಆಯಿತು. ಎಚ್ಚರಿಕೆಯ ಮೆಸೇಜು ಮಲಯಾಳದಲ್ಲಿ ಬರುತ್ತದೆ. ನ್ಯೂನಮರ್ದಂ ಅಂದರೆ ವಾಯುಭಾರ ಕುಸಿತ, ಚುಳಲಿಕ್ಕಾಟ್ ಅಂದರೆ ಚಂಡಮಾರುತ, ಇಡಿಮಿನ್ನಲ್ ಅಂದರೆ ಸಿಡಿಲು ಮಿಂಚು. ಸದ್ಯಕ್ಕೆ ಇಷ್ಟು ಸಾಕು.

ಇನ್ನೊಂದು ತಮಾಷೆ ಉಂಟು. ನಮಗೆ ಮುನ್ಸೂಚನೆ ಕೊಡುವುದು ತಿರುವನಂತಪುರ. ದಕ್ಷಿಣ ಕನ್ನಡಕ್ಕೆ ಕೊಡುವುದು ಬೆಂಗಳೂರು. ತಲಪಾಡಿಯ ಆಚೆ ಆರೆಂಜ್, ಈಚೆ ಯೆಲ್ಲೋ ಇರುವ ದಿನಗಳೂ ಬರುತ್ತವೆ. ಟೋಲ್ ಗೇಟು ನೋಡಿ ನಿಲ್ಲುವ ಮೋಡ ನಾನಂತೂ ಕಂಡಿಲ್ಲ. ಆಗ ಎರಡರಲ್ಲಿ ಜಾಸ್ತಿ ಇರುವ ಬಣ್ಣವನ್ನೇ ನಂಬಿ. ಉಪ್ಪಳ, ಮಂಜೇಶ್ವರದ ಮನೆಗಳಲ್ಲಿ ದೊಡ್ಡ ಮಗ ದೇರಳಕಟ್ಟೆಯ ಕಾಲೇಜಿಗೆ ಹೋದರೆ ಚಿಕ್ಕವಳು ಇಲ್ಲಿಯ ಶಾಲೆಗೆ ಹೋಗುತ್ತಾಳೆ. ರಾತ್ರಿ ಆದರೆ ಮಕ್ಕಳಿಬ್ಬರೂ ಎರಡು ಊರಿನ ಅಧಿಕಾರಿಗಳ ಪೇಜು ತೆರೆದು ರಜೆಗೆ ಕಾಯುವುದು. ಅವನಿಗೆ ಸಿಕ್ಕಿ ಇವಳಿಗೆ ಸಿಗದಿದ್ದರೆ ಆ ರಾತ್ರಿ ಮನೆಯಲ್ಲೇ ಚಂಡಮಾರುತ. ನನ್ನ ಮಗಳು ಕಲೆಕ್ಟರರ ಮಲಯಾಳ ಪೋಸ್ಟನ್ನು ಸರಾಗ ಓದಿ, ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳೆ. ಕೆಳಗಿನ ಕಮೆಂಟಿಗೆ ನಗುವುದು ಮಾತ್ರ ಒಬ್ಬಳೇ. ಎಂತದ್ದು ಅಂತ ಕೇಳಿದರೆ "ಅದು ಹೇಳಿದ್ರೆ ತಮಾಷೆ ಇರೂದಿಲ್ಲ ಅಮ್ಮ" ಅನ್ನುತ್ತಾಳೆ. ಅವಳು ಈ ಊರಿನವಳಾದದ್ದು ನನಗೆ ಸಂತೋಷವೇ. ನಾನು ಇನ್ನೂ ಪೂರ್ತಿ ಆಗಿಲ್ಲ ಅನ್ನುವುದೂ ಆಗಲೇ ಗೊತ್ತಾಗುವುದು.

ಈಗ ಅಡಿಕೆ. ತೋಟ ಇಲ್ಲದವರೂ ಓದಿ, ಅಕ್ಕಪಕ್ಕದವರ ತಲೆಬಿಸಿ ಅರ್ಥ ಆಗುತ್ತದೆ.

ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬರುವುದು ಈ ಮಳೆಯ ಹೊತ್ತಿಗೇ. ಅದು ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಆಗಲು ಒಂದೂವರೆ ತಿಂಗಳ ಬಿಸಿಲು ಬೇಕು. ನಾನು ಬಂದ ಹೊಸದರಲ್ಲಿ, ಒಂದು ವರ್ಷ, ಆರೆಂಜ್ ಅಲರ್ಟ್ ಅಂತ ಮೊಬೈಲಿನಲ್ಲಿ ಬಂತು. ನಾನು ಆಳುಗಳನ್ನು ಕರೆದು ಇಡೀ ಅಂಗಳಕ್ಕೆ ಟರ್ಪಾಲು ಹೊದೆಸಿದೆ. ನಾಲ್ಕೂ ಅಂಚಿಗೆ ಕೆಂಪುಕಲ್ಲು ಹೇರಿದೆ. ಮರುದಿನ ಒಳ್ಳೆ ಬಿಸಿಲು. ಅತ್ತೆ ಬಂದು "ಬಿಸಿಲು ಉಂಟಲ್ಲ ಮಗಳೇ, ತೆಗಿ" ಅಂದರು. ನಾನು ಮೊಬೈಲು ತೋರಿಸಿದೆ. ಅವರು ಮತ್ತೆ ಮಾತಾಡಲಿಲ್ಲ. ಅಲರ್ಟ್ ಮುಂದುವರಿಯಿತು, ಮಳೆ ಬರಲಿಲ್ಲ, ಟರ್ಪಾಲು ನಾನು ತೆಗೆಯಲಿಲ್ಲ.

ಅಡಿಕೆ ಮಾರುವ ದಿನ ಅಂಗಡಿಯವರು ಚೀಲಕ್ಕೆ ಕೈ ಹಾಕಿ, ಅಡಿಯಿಂದ ಒಂದು ಅಡಿಕೆ ತೆಗೆದರು. ಅಡಕತ್ತರಿಯಲ್ಲಿ ಹೋಳು ಮಾಡಿ ನನ್ನ ಅಂಗೈಯಲ್ಲಿಟ್ಟರು. ಒಳಗೆ ಬೆಳ್ಳಗಿರಬೇಕಾದ ಕಡೆ ಕಂದು ಗೆರೆ, ನಡುವೆ ಬೂದುಬಣ್ಣದ ಬೂಸ್ಟು, ಹಳೇ ಗೋಣಿಯ ಮುಗ್ಗಲು ವಾಸನೆ. "ಇದು ಮಳೆಗೆ ನೆನೆದದ್ದಲ್ಲ ಅಕ್ಕ, ಬೆವರಿದ್ದು" ಅಂದರು. ಚಾಲಿಯ ರೇಟು ಎಲ್ಲಿ, ಕೆಟ್ಟ ಅಡಿಕೆಯಾದ ಕರಿಗೋಟಿನ ರೇಟು ಎಲ್ಲಿ! ಮಳೆಯೇ ಬಾರದೆ ಮಳೆಯ ನಷ್ಟ ಅನುಭವಿಸಿದ ಮನೆ ಆ ವರ್ಷ ನಮ್ಮದೊಂದೇ ಇರಬೇಕು. ಈಗಲೂ ನೆನೆದರೆ ಮೈ ಉರಿಯುತ್ತದೆ. ಮೊಬೈಲಿನ ಮೇಲಲ್ಲ, ಅತ್ತೆ ಹೇಳಿದ್ದು ಕೇಳದ ನನ್ನ ಮೇಲೆ.

ಹಾಗಾಗಿ ಕೇಳಿ. ಬೆಳಿಗ್ಗೆ ಬಿಸಿಲಿದ್ದರೆ ಅಲರ್ಟ್ ಯಾವ ಬಣ್ಣದ್ದೇ ಇರಲಿ, ಅಡಿಕೆ ಹರಡಿ. ಮಧ್ಯಾಹ್ನ ಎರಡಕ್ಕೆ ಮೂಡಣ ದಿಕ್ಕು ನೋಡಿ. ಕಪ್ಪಾದರೆ ರಾಶಿ ಮಾಡಿ. ಟರ್ಪಾಲು ನೇರ ಅಡಿಕೆಯ ಮೈಮೇಲೆ ಹಾಕಬೇಡಿ, ಬಿದಿರು ಅಡ್ಡ ಇಟ್ಟು ಗಾಳಿ ಆಡುವಷ್ಟು ಎತ್ತರಿಸಿ. ಕೈಯಲ್ಲಿ ದುಡ್ಡಿದ್ದರೆ ಪ್ಲಾಸ್ಟಿಕ್ ಮಾಡಿನ ಸೋಲಾರ್ ಗೂಡು ಕಟ್ಟಿಸಿ. ಆದರೆ ಬಿರುಗಾಳಿಗೆ ಮೊದಲು ಹಾರುವುದೂ ಅದೇ, ಹಗ್ಗ ಬಿಗಿಯಾಗಿರಲಿ.

ಬಿರುಗಾಳಿಯ ಗಲಾಟೆಯಲ್ಲಿ ಜನ ಸಿಡಿಲನ್ನು ಮರೆಯುತ್ತಾರೆ. ನಮ್ಮ ಕಡೆ ಈ ತಿಂಗಳುಗಳಲ್ಲಿ ಹೆಚ್ಚು ಹೆದರಬೇಕಾದ್ದು ಅದಕ್ಕೇ. ತೆಂಗಿನ ಮರದ ಬುಡದಲ್ಲಿ ನಿಲ್ಲಬೇಡಿ. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂವತ್ತು ಎಣಿಸಲು ಆಗದಿದ್ದರೆ ಮನೆಯೊಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ಮೋಡೆಮ್, ಟಿವಿ, ಪಂಪಿನ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತಿಡಿ. ಪುಣೆಯ ಸಂಸ್ಥೆ ಮಾಡಿದ 'ದಾಮಿನಿ' ಆ್ಯಪ್ ಸಿಡಿಲು ಹತ್ತಿರ ಬಂದರೆ ತಿಳಿಸುತ್ತದೆ, ಹಾಕಿಕೊಳ್ಳಿ.

ಹೊಳೆ ಬದಿಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಒಂದು ಮಾತು. ಚಂದ್ರಗಿರಿಗೆ ಸೇರುವ ಪಯಸ್ವಿನಿ ಕೊಡಗಿನ ಬೆಟ್ಟದಿಂದ ಸುಳ್ಯ ದಾಟಿ ಬರುವ ಹೊಳೆ. ಇಲ್ಲಿ ಬಿಸಿಲಿದ್ದರೂ ಅಲ್ಲಿ ಮಳೆ ಸುರಿದರೆ ನೀರು ಏರುತ್ತದೆ. ಮಡಿಕೇರಿಯ ಸುದ್ದಿಯನ್ನೂ ನೋಡಿ.

ಕಾಗದ ಪತ್ರ: ಆಧಾರ್ ವಿಳಾಸ ಬದಲಿಸಿ, ಕರೆಂಟ್ ಬಿಲ್ಲಿನ ನಂಬರಿಗೆ ಮೊಬೈಲ್ ಜೋಡಿಸಿ, ಎಲ್ಲಾ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಲಿಡಿ. ವಿದ್ಯುತ್ ದೂರಿಗೆ 1912, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077.

ಇನ್ನು ಕಾಯುವುದು. ಎಲ್ಲಕ್ಕಿಂತ ಕಷ್ಟ ಇದೇ. ಮೊದಲು ಮಂಗಳೂರು ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿ, ರೇಡಿಯೋ ಬಂದ್ ಮಾಡಿ, ಆಮೇಲೆ ಜಗಲಿಯಲ್ಲಿ ಕೂರುತ್ತಿದ್ದರು. ಕರೆಂಟ್ ಹೋದರೆ ಪಕ್ಕದ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಬರುತ್ತಿದ್ದರು, ಮೇಲಿನ ಮನೆಯ ಬ್ಯಾರಿಗಳು ಟಾರ್ಚ್ ಹಿಡಿದು ಬರುತ್ತಿದ್ದರು. ಮೂರು ನಾಲ್ಕು ಭಾಷೆಯಲ್ಲಿ ಒಂದೇ ಮಳೆಯ ಮಾತು. ಮಳೆ ಬರುತ್ತದೋ ಇಲ್ಲವೋ ಅನ್ನುವುದು ಆಮೇಲೆ ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ಪ್ರತಿ ಮನೆಯಲ್ಲೂ ಇನ್ವರ್ಟರ್ ಉಂಟು. ಪ್ರತಿಯೊಬ್ಬರೂ ಒಂದೊಂದು ಕೋಣೆಯಲ್ಲಿ ಕೂತು ಗಾಳಿಯ ನಕ್ಷೆ ನೋಡುತ್ತಾರೆ. ಅಮೆರಿಕದ ಮಾಡೆಲ್ ಒಂದು ಹೇಳುತ್ತದೆ, ಯುರೋಪಿನದು ಇನ್ನೊಂದು ಹೇಳುತ್ತದೆ. ನಕ್ಷೆ ನೋಡಿ ನೋಡಿ ನಿದ್ದೆ ಹೋಗುತ್ತದೆಯೇ ಹೊರತು ಬಿರುಗಾಳಿ ದಾರಿ ಬದಲಿಸುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಲಾಖೆಯ ಬುಲೆಟಿನ್ ನೋಡಿದರೆ ಸಾಕು. ಉಳಿದ ಹೊತ್ತು ಪಕ್ಕದ ಮನೆಗೆ ಹೋಗಿ ಬನ್ನಿ. ಹೊಸಬರು ನೀವಾಗಿಯೇ ಹೋಗಬೇಕು, ಅವರಾಗಿ ಬರುವ ಕಾಲ ಹೋಯಿತು. "ಅಡಿಕೆ ಎತ್ತಲು ಜನ ಬೇಕಾ?" ಅಂತ ಕೇಳಿದರೆ ಸಾಕು, ಬೇರೆ ಪರಿಚಯ ಬೇಡ.

ಗಾಳಿ ನಿಂತ ಮೇಲೆ ಮಾಡುವ ಕೆಲಸ ಒಂದುಂಟು. ತುಂಡಾದ ತಂತಿ ಕಂಡರೆ ಮುಟ್ಟದೆ ಫೋನ್ ಮಾಡಿ, ಅದು ಹೇಳಬೇಕಾಗಿಲ್ಲ. ಮರ ಬಿದ್ದಿದ್ದರೆ ಕಡಿದು ತೆಗೆಯುವ ಮೊದಲು ಫೋಟೋ ತೆಗೆಯಿರಿ, ಬುಡ ತುದಿ ಎರಡೂ ಕಾಣುವ ಹಾಗೆ. ಫೋಟೋ ಜೊತೆ ಬೇಗ ಕೃಷಿಭವನಕ್ಕೆ, ಅಂದರೆ ಇಲ್ಲಿಯ ಕೃಷಿ ಇಲಾಖೆಯ ಕಚೇರಿಗೆ, ಹೋಗಿ. ತಡ ಮಾಡಿದರೆ ಪರಿಹಾರ ಇಲ್ಲ. ಅರ್ಜಿ ಕನ್ನಡದಲ್ಲೇ ಬರೆಯಿರಿ. ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಕೌಂಟರಿನಲ್ಲಿ ಕೂತವರು "ಮಲಯಾಳದಲ್ಲಿ ಬರೆದುಕೊಂಡು ಬನ್ನಿ" ಅಂದರೆ ಜಗಳ ಬೇಡ. ಅರ್ಜಿ ಮೇಜಿನ ಮೇಲಿಟ್ಟು, ರಸೀದಿ ಕೈಗೆ ಬರುವವರೆಗೆ ಅಲ್ಲೇ ನಿಂತಿರಿ.